ಕಾರಿನಿಂದ ಇಳಿಸಿದ ನಫೀಸಮ್ಮ

ಅಡ್ಡೂರು ನಫೀಸಮ್ಮ ಅಲಿಕುಂಞಿ, ವಯಸ್ಸು ಅರವತ್ತೊಂದು. ಗುರುಪುರ ಹೊಳೆಯ ದಡದಲ್ಲಿ ಬೀಡಿ ಎಲೆಯ ವ್ಯಾಪಾರ ಮಾಡುತ್ತಿದ್ದ ಪುತ್ತುಬಾವ ಅವರ ಮೂರನೆಯ ಮಗಳು. ಲಹಬಾಬಿನ ಕೆಫೆಟೇರಿಯಾದ ಅಲಿಕುಂಞಿಯವರ ಹೆಂಡತಿ. ರಮೀಝ್ ಮತ್ತು ಜಸೀನಾ ಎಂಬಿಬ್ಬರ ತಾಯಿ. 2009ರ ಬೇಸಿಗೆಯಲ್ಲಿ ದುಬೈಯ ದೇರಾದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿ ನೆಮ್ಮದಿಯಿಂದ ಹೋದರು ಎಂದು ಇಂಥ ಸಂದರ್ಭಗಳಲ್ಲಿ ಬರೆಯುವ ರೂಢಿಯಿದೆ. ನಫೀಸಮ್ಮನ ವಿಷಯದಲ್ಲಿ ಅದು ಸುಳ್ಳು. ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಒಲೆಯ ಮೇಲೆ ಕಡಲೆ ಬೇಯುತ್ತಿತ್ತು. ಉಪ್ಪು ಹಾಕಲು ಮರೆಯಬೇಡಿ ಎಂದು ಕಾರಿನ ಕಿಟಕಿಯಿಂದಲೇ ಕೂಗಿ ಹೇಳಿ ಹೋಗಿದ್ದರು.

ದುಬೈಯಿಂದ ಹತ್ತಾ ಎಂಬ ಊರಿನ ದಾರಿ ಹಿಡಿದು ಹೊರಟರೆ, ನಗರದ ಗದ್ದಲ ಮುಗಿದು ಒಂಟೆಗಳ ಬೇಲಿ ಶುರುವಾದ ಮೇಲೆ ಲಹಬಾಬ್ ಸಿಗುತ್ತದೆ. ಇಲ್ಲಿಯ ಮರಳು ಕೆಂಪು, ದಿಬ್ಬಗಳು ಎತ್ತರ. ಶುಕ್ರವಾರ ಬಂತೆಂದರೆ ದುಬೈ, ಅಬುಧಾಬಿಗಳ ಜೀಪುಗಳೆಲ್ಲ ಇಲ್ಲಿಗೆ ಬಂದು, ಆ ದಿಬ್ಬಗಳನ್ನು ಹತ್ತಿ, ಜಾರಿ, ಹೂತು, ಎಳೆಸಿಕೊಂಡು, ಸಂಜೆ ಹೊತ್ತಿಗೆ ಮೈತುಂಬ ಮರಳು ಹೊತ್ತು ಹಿಂದಿರುಗುತ್ತವೆ. ಇದಕ್ಕೆ ಜನ ಸಾಹಸವೆಂದು ಹೆಸರಿಟ್ಟಿದ್ದಾರೆ. ಮರಳಿಗೆ ಇಳಿಯುವ ಮೊದಲು ಚಕ್ರದ ಗಾಳಿಯನ್ನು ಅರ್ಧಕ್ಕರ್ಧ ಬಿಡಬೇಕು. ಬಿಡದಿದ್ದರೆ ಗಾಡಿ ಅಲ್ಲೇ ಹೂತುಹೋಗುತ್ತದೆ. ಹಿಂದಿರುಗುವಾಗ ಮತ್ತೆ ತುಂಬಿಸಬೇಕು. ಆದ್ದರಿಂದ ಎಂಥ ದೊಡ್ಡ ಮನುಷ್ಯನ ಗಾಡಿಯಾದರೂ ಲಹಬಾಬಿನ ಗಾಳಿ ಅಂಗಡಿಯ ಮುಂದೆ ಎರಡು ಸಲ ನಿಲ್ಲಲೇಬೇಕು. ಗಾಳಿ ಅಂಗಡಿ ಕಾಸರಗೋಡಿನ ಕಡೆಯ ಅಲೆಕ್ಸಾಂಡರನದು. ಅದರ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದದ್ದು ಅಲಿಕುಂಞಿಯವರ ಕೆಫೆಟೇರಿಯಾ. ಈ ಊರಲ್ಲಿ ಎಲ್ಲಿ ಉಣ್ಣುವುದು ಎಂದು ಯಾರು ಯಾರನ್ನು ಕೇಳಿದರೂ "ಗಾಳಿ ಅಂಗಡಿ ಪಕ್ಕ" ಎಂಬುದೇ ಉತ್ತರ.

ಆದರೆ ಅಲ್ಲಿ ಕೂತು ಉಣ್ಣುತ್ತಿದ್ದವರು ಗಂಡಸರು ಮಾತ್ರ. ಸಫಾರಿ ಗಾಡಿಗಳ ಚಾಲಕರು, ನೀರಿನ ಟ್ಯಾಂಕರಿನವರು, ಒಂಟೆ ಕಾಯುವವರು. ಉಳಿದವರಿಗೆ ಊಟ ಕಾರಿಗೇ ಹೋಗುತ್ತಿತ್ತು. ಕಾರು ಬಂದು ನಿಂತು ಹಾರ್ನ್ ಹೊಡೆಯುವುದು, ಒಳಗಿನಿಂದ ಒಬ್ಬರು ಓಡಿ ಬಂದು ಕಿಟಕಿಯಲ್ಲಿ ಕೇಳುವುದು, ತಟ್ಟೆಯಲ್ಲಿ ಚಹಾ, ಕಾಗದದಲ್ಲಿ ಸುತ್ತಿದ ಮೊಟ್ಟೆ ಪರೋಟ ತಂದುಕೊಡುವುದು ಆ ದೇಶದ ಪದ್ಧತಿ. ಈ ವಿದ್ಯೆಯಲ್ಲಿ ಅಲಿಕುಂಞಿಯವರನ್ನು ಮೀರಿಸುವವರು ಹತ್ತಾದವರೆಗೆ ಇರಲಿಲ್ಲ. ಹಾರ್ನ್ ಕೇಳಿಯೇ ಯಾವ ಗಾಡಿ, ಎಷ್ಟು ಚಹಾ, ಸಕ್ಕರೆ ಎಷ್ಟು ಎಂದು ಹೇಳಬಲ್ಲರು. ಉದ್ದಕ್ಕೆ ಎಳೆದರೆ ಶಾರ್ಜಾದ ಮುದುಕ, ಏಲಕ್ಕಿ ಜಾಸ್ತಿ. ಎರಡು ಸಲ ಚುಟುಕಾಗಿ ಹೊಡೆದರೆ ಪೊಲೀಸರು, ಸಕ್ಕರೆ ಬೇಡ. ಗ್ಲಾಸುಗಳನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಒಂದು ಹನಿ ಚೆಲ್ಲದೆ, ಬಿಸಿ ಡಾಂಬರಿನ ಮೇಲೆ ಚಪ್ಪಲಿ ಬಡಿಯುತ್ತ ಅವರು ಓಡುವುದನ್ನು ನೋಡಲೆಂದೇ ಕೆಲವರು ಸುಮ್ಮನೆ ಹಾರ್ನ್ ಹೊಡೆಯುತ್ತಿದ್ದರಂತೆ.

ನಫೀಸಮ್ಮ ಈ ಊರಿಗೆ ಬಂದದ್ದು 1995ರಲ್ಲಿ, ಜಸೀನಾಳ ಮದುವೆ ಮುಗಿಸಿದ ಮೇಲೆ. ಅಲ್ಲಿಯವರೆಗೆ ಗಂಡನೆಂದರೆ ಎರಡು ವರ್ಷಕ್ಕೊಮ್ಮೆ ಅತ್ತರು, ಕಂಬಳಿ, ಟಾರ್ಚುಗಳೊಂದಿಗೆ ಬಂದು ಹೋಗುವ ನೆಂಟ. ವಿಮಾನ ಇಳಿದದ್ದು ಜೂನಿನ ನಡು ಮಧ್ಯಾಹ್ನ. ಅಲಿಕುಂಞಿಯವರು ಯಾರದೋ ಪಿಕಪ್ ಕೇಳಿ ತಂದಿದ್ದರು. ದಾರಿಯಲ್ಲಿ ಹಸಿವಾಯಿತು. ಒಂದು ಹೋಟೆಲಿನ ಮುಂದೆ ನಿಲ್ಲಿಸಿ, "ನೀನು ಇಲ್ಲೇ ಕೂತ್ಕೊ, ಒಳಗೆ ಗಂಡಸರು ಉಂಟು" ಎಂದು ಹೇಳಿ ಅವರು ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತು ಉಂಡರು. ಹೆಂಡತಿಗೆ ಕಾಗದದಲ್ಲಿ ಪರೋಟ, ಪ್ಲಾಸ್ಟಿಕ್ ಚೀಲದಲ್ಲಿ ಸಾರು ಬಂತು. ಕಾದ ಸೀಟಿನ ಮೇಲೆ ಮೊಣಕಾಲನ್ನೇ ಮೇಜು ಮಾಡಿಕೊಂಡು ನಫೀಸಮ್ಮ ಚೀಲದ ಗಂಟು ಬಿಚ್ಚಿದಾಗ ಸಾರು ಹೊಸ ಬುರ್ಖಾದ ಮೇಲೆಲ್ಲ ಹರಿಯಿತು. ಗಲ್ಫ್ ಹೇಗಿದೆ ಎಂದು ಊರಿನಿಂದ ಅಕ್ಕ ಫೋನಿನಲ್ಲಿ ಕೇಳಿದಾಗ ನಫೀಸಮ್ಮ ಹೇಳಿದ್ದು ಒಂದೇ ಮಾತು: "ಇಲ್ಲಿ ಹೆಂಗಸರಿಗೆ ಊಟ ಉಂಟು, ಕೂರುವ ಜಾಗ ಇಲ್ಲ."

ಲಹಬಾಬಿನಲ್ಲಿ ಅಡುಗೆಮನೆ ಅವರ ಕೈಗೆ ಬಂತು. ಬಂದ ವಾರದಲ್ಲೇ ಡಾಲ್ಡಾ ಹೊರಗೆ ಹೋಗಿ ತೆಂಗಿನೆಣ್ಣೆ ಒಳಗೆ ಬಂತು. ಕೋಳಿ ಸಾರಿಗೆ ಹುರಿದ ತೆಂಗಿನಕಾಯಿ ಬಿತ್ತು. ಶುಕ್ರವಾರ ಬೆಳಿಗ್ಗೆ ಅಕ್ಕಿಯ ಉಂಡೆ, ಪುಂಡಿ, ಬೆಂದು ಅದೇ ಸಾರಿನಲ್ಲಿ ಮುಳುಗಿತು. ಚಾಲಕರು ಬೆರಳು ನೆಕ್ಕಿಕೊಂಡರು. ಆದರೆ ಅಡುಗೆಮನೆಯ ಕಿಟಕಿ ರಸ್ತೆಗೆ ಮುಖ ಮಾಡಿತ್ತು. ಆ ಕಿಟಕಿಯಲ್ಲಿ ನಫೀಸಮ್ಮನಿಗೆ ದಿನವೂ ಕಾಣುತ್ತಿದ್ದುದು ಒಂದೇ ನೋಟ: ಮುಂದಿನ ಸೀಟಿನ ಗಂಡಸು ಇಳಿದು ಮೈಮುರಿದು ಒಳಗೆ ಬರುವುದು, ಹಿಂದಿನ ಸೀಟಿನಲ್ಲಿ ಹೆಂಗಸು ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಗ್ಲಾಸು ಹಿಡಿದು, ಬಾಯಿಗೆ ಯಾವುದನ್ನು ತರುವುದೆಂದು ತಿಳಿಯದೆ ಕೂತಿರುವುದು.

ಎರಡು ವರ್ಷ ನೋಡಿದರು. 1997ರ ಚಳಿಗಾಲ ಹತ್ತಿರವಾಗಿ ಜೀಪುಗಳು ಬರತೊಡಗಿದಾಗ ಒಂದು ದಿನ ಗಂಡನ ಮುಂದೆ ನಿಂತರು.

"ರಮೀಝಿನ ಬಾಪ, ಆ ಹಿಂದಿನ ಕೋಣೆ ನನಗೆ ಬೇಕು."

"ಎಂತಕ್ಕೆ?"

"ಹೆಂಗಸರು ಕೂತು ತಿನ್ಲಿಕ್ಕೆ."

"ಅದರಲ್ಲಿ ಅಲೆಕ್ಸಾಂಡರನ ಟೈರ್ ಉಂಟಲ್ಲ ಮಾರಾಯ್ತಿ. ನಮ್ಮ ನೀರುಳ್ಳಿ ಚೀಲವೂ ಉಂಟು."

"ಟೈರಿಗೆ, ನೀರುಳ್ಳಿಗೆ ಕೋಣೆ ಉಂಟು. ಹೆಂಗಸರಿಗೆ ಇಲ್ಲ. ಒಳ್ಳೆ ನ್ಯಾಯ!"

"ಅವರು ಇಳಿಯುವುದಿಲ್ಲ ನಫೀಸಾ. ಎಷ್ಟು ವರ್ಷದಿಂದ ನೋಡ್ತಾ ಇದ್ದೇನೆ ನಾನು. ಹಾರ್ನ್ ಹೊಡೀತಾರೆ, ಕುಡೀತಾರೆ, ಹೋಗ್ತಾರೆ."

"ಕೂರ್ಲಿಕ್ಕೆ ಜಾಗ ಇದ್ದರಲ್ಲವಾ ಇಳಿಯುವುದು?"

ಅಲಿಕುಂಞಿಯವರು ಕೆಟ್ಟವರಲ್ಲ. ಹೆಂಡತಿಯ ಮಾತಿಗೆ ಎದುರು ಹೇಳಿದರೆ ಪುಂಡಿ ಗಟ್ಟಿಯಾಗುತ್ತದೆ ಎಂಬ ಅರಿವೂ ಅವರಿಗಿತ್ತು. ಕೊನೆಗೊಂದು ಒಪ್ಪಂದವಾಯಿತು. ರಂಜಾನಿನ ಉಪವಾಸ, ನೋಂಬು, ಶುರುವಾಗುವ ಮೊದಲಿನ ಕೊನೆಯ ಶುಕ್ರವಾರದವರೆಗೆ ಕೋಣೆ ನಫೀಸಮ್ಮನದು. ಅಷ್ಟರೊಳಗೆ ಹೆಂಗಸರು, ಮಕ್ಕಳು ಬಂದು ಕೂತು ಉಣ್ಣುವ ರೂಢಿ ಬಿದ್ದರೆ ಅದು ಅವರಿಗೇ ಉಳಿಯುತ್ತದೆ. ಇಲ್ಲವಾದರೆ ಟೈರುಗಳು ವಾಪಸು, ಮತ್ತೆ ಆ ಮಾತು ಎತ್ತುವ ಹಾಗಿಲ್ಲ.

ಅಲೆಕ್ಸಾಂಡರನಿಗೆ ಇದು ಹಿಡಿಸಲಿಲ್ಲ. "ಅಲಿಕ್ಕಾ, ಬಿಸಿಲಿಗಿಟ್ಟರೆ ಟೈರ್ ಬಿರುಕು ಬಿಡ್ತದೆ" ಎಂದು ಗೊಣಗಿದ.

"ಹೆಂಗಸರು ಬಿರುಕು ಬಿಡುವುದಿಲ್ಲವಾ?" ಎಂದು ಕಿಟಕಿಯೊಳಗಿನಿಂದ ಉತ್ತರ ಬಂತು.

"ಇತ್ತಾ, ನಾನು ನಿಮ್ಮ ಹತ್ತಿರ ಮಾತಾಡ್ಲಿಲ್ಲ!" ಎಂದ ಅಲೆಕ್ಸಾಂಡರ್. ಇತ್ತಾ ಎಂದರೆ ಅವನ ಕಡೆ ಅಕ್ಕ.

"ನಾನು ನಿನ್ನ ಹತ್ತಿರವೇ ಮಾತಾಡಿದ್ದು. ನಿನ್ನ ಲೀಲಮ್ಮ ಶುಕ್ರವಾರ ಬಂದರೆ ಎಲ್ಲಿ ಕೂರ್ತಾಳೆ? ಟೈರಿನ ಮೇಲೆ. ಅವಳು ನರ್ಸಾ, ಪಂಕ್ಚರ್ ಹಾಕುವವಳಾ?"

ದುಬೈಯ ಒಂದು ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ ಲೀಲಮ್ಮ ರಜೆಯ ದಿನ ಗಂಡನಿಗೆ ಅಡುಗೆ ಮಾಡಿ ತರುತ್ತಿದ್ದುದೂ, ಇಬ್ಬರೂ ಟೈರುಗಳ ಅಟ್ಟಿಯ ಮೇಲೆ ಕೂತು ಉಣ್ಣುತ್ತಿದ್ದುದೂ ನಿಜವೇ. ಅಲೆಕ್ಸಾಂಡರ್ ಟೈರುಗಳನ್ನು ಹೊರಗೆ ಉರುಳಿಸಿದ.

ನಫೀಸಮ್ಮ ಕೋಣೆಗೆ ಸುಣ್ಣ ಬಳಿಸಿದರು. ಬಾಗಿಲಿಗೆ ಹಸಿರು ಪರದೆ, ಗೋಡೆಯುದ್ದಕ್ಕೂ ಬೆಂಚು, ನಡುವೆ ಚಾಪೆ, ಮೂಲೆಯಲ್ಲಿ ನಲ್ಲಿ ಮತ್ತು ಸಾಬೂನು. ಸೂರಿನ ಕೊಕ್ಕೆಗೆ ತಮ್ಮದೊಂದು ಹಳೆಯ ವಾಯಿಲ್ ಸೀರೆ ಕಟ್ಟಿ ಜೋಲಿ ಮಾಡಿದರು. ಎಲ್ಲ ಸಿದ್ಧವಾಯಿತು. ಯಾರೂ ಬರಲಿಲ್ಲ.

ಕಾರುಗಳು ಬಂದವು, ಹಾರ್ನ್ ಮೊಳಗಿತು, ಅಲಿಕುಂಞಿ ಓಡಿದರು. ಒಳಗೆ ಕೋಣೆಯಿದೆ ಎಂದು ಹೇಳಿದರೆ ಹೆಂಗಸರು ಕಿಟಕಿಯ ಗಾಜನ್ನು ಇನ್ನಷ್ಟು ಏರಿಸಿದರು. "ಫೈವ್ ಮಿನಿಟ್ಸ್ ಅಷ್ಟೆ, ಇಲ್ಲೇ ಕೊಡಿ" ಎಂದರು ಗಂಡಸರು. ಎರಡು ಶುಕ್ರವಾರ ಹೀಗೇ ಕಳೆಯಿತು. ಮೂರನೆಯ ಶುಕ್ರವಾರ ನಫೀಸಮ್ಮ ಕಠಿಣವಾದರು. ಹೆಂಗಸರು, ಮಕ್ಕಳಿರುವ ಕಾರು ಹಾರ್ನ್ ಹೊಡೆದರೆ ಅಡುಗೆಮನೆಯಿಂದ ಏನೂ ಹೊರಗೆ ಹೋಗಕೂಡದು. ಬೇಕಾದವರು ಇಳಿದು ಬರಲಿ.

"ನೀನು ಅಂಗಡಿ ಮುಚ್ಚಿಸ್ತೀಯಾ?" ಎಂದರು ಅಲಿಕುಂಞಿ.

"ನೋಂಬಿನವರೆಗೆ ಅಂತ ಮಾತು. ಮಾತು ಅಂದರೆ ಮಾತು."

ಇದು ನಫೀಸಮ್ಮ ಮಾಡಿದ ದೊಡ್ಡ ತಪ್ಪು. ಹಟದಿಂದ ಮನೆ ಕಟ್ಟಬಹುದು, ಮನೆಗೆ ನೆಂಟರನ್ನು ಕರೆಯಲಾಗದು. ಹಾರ್ನ್ ಹೊಡೆದು ಬೇಸತ್ತ ಕಾರುಗಳು ಮುಂದಿನ ಪೆಟ್ರೋಲ್ ಬಂಕಿನ ಬಿಸ್ಕತ್ತು ಅಂಗಡಿಗೆ ಹೋದವು. ಅಲಿಕುಂಞಿಯವರ ಸ್ಥಿತಿಯನ್ನಂತೂ ನೋಡಲಾಗುತ್ತಿರಲಿಲ್ಲ. ಹಾರ್ನ್ ಕೇಳಿದೊಡನೆ ಅವರ ಕಾಲು ತಾನಾಗಿ ಏಳುವುದು, ಹೆಂಡತಿಯ ಕಣ್ಣು ನೋಡಿ ಅಲ್ಲೇ ನಿಲ್ಲುವುದು. "ಕೆಂಪು ಪ್ಯಾಟ್ರೋಲ್ ಜೀಪು... ಮೂರು ಚಾ, ಒಂದಕ್ಕೆ ಹಾಲು ಜಾಸ್ತಿ..." ಎಂದು ಜ್ವರ ಬಂದವರಂತೆ ತಮ್ಮಲ್ಲೇ ಹೇಳಿಕೊಳ್ಳುವುದು. ಅಲೆಕ್ಸಾಂಡರ್ ಗಾಳಿಯ ಪೈಪ್ ಹಿಡಿದು ನಿಂತು, "ಅಲಿಕ್ಕಾ, ಟೈರ್ ಯಾವಾಗ ತರ್ಲಿ?" ಎಂದು ದಿನಕ್ಕೊಮ್ಮೆ ಕೇಳುವುದು.

ನವೆಂಬರಿನ ಕೊನೆಯ ಶುಕ್ರವಾರ ಅಬುಧಾಬಿಯ ನಂಬರಿನ ಒಂದು ಪಜೆರೊ ಬಂದು ನಿಂತಿತು. ಅಲ್ಲಿಯ ಖಾಲಿದಿಯಾ ಬಡಾವಣೆಯಲ್ಲಿ ವಾಸವಾಗಿದ್ದ ಸಿದ್ದೇಶ ಎಂಬ ಎಂಜಿನಿಯರನದು. ಜೊತೆಯಲ್ಲಿ ಹೆಂಡತಿ ಮಾಧುರಿ, ಮಗಳು ಅಕ್ಷರಾ, ರೋಣದ ಕಡೆಯಿಂದ ಮಗನ ಮನೆ ನೋಡಲು ಬಂದಿದ್ದ ತಾಯಿ ನಿಂಗವ್ವ. ಸಿದ್ದೇಶ ಅಲೆಕ್ಸಾಂಡರನ ಮುಂದೆ ಗಾಳಿ ಬಿಡಿಸುತ್ತ ಹಾರ್ನ್ ಹೊಡೆದ. ಯಾರೂ ಬರಲಿಲ್ಲ. ಮತ್ತೆ ಹೊಡೆದ.

ಹಿಂದಿನ ಸೀಟಿನಿಂದ ನಿಂಗವ್ವ ಗದರಿದರು. "ಯಾಕೋ ತಮ್ಮಾ, ಸುಮ್ಮನ ಒದರಸಾಕ ಹತ್ತೀ ಅದನ್ನ? ಚಾ ಬೇಕಾದ್ರ ಒಳಗ ಹೋಗಿ ಕುಡೀಬೇಕಪಾ."

"ಅವ್ವಾ, ಇಲ್ಲಿ ಗಾಡಿಗೇ ತಂದ್ಕೊಡ್ತಾರ."

"ಗಾಡ್ಯಾಗ ಉಣ್ಣಾಕ ನಾ ಏನ್ ಸಂತೀಗೆ ಹೊಂಟ ಎಮ್ಮಿ ಏನು? ಬಾಗಲಾ ತಗಿ."

"ಅಜ್ಜಿ, ಪ್ಲೀಸ್, ಇಟ್ಸ್ ಓನ್ಲಿ ಮೆನ್ ಇನ್‌ಸೈಡ್" ಎಂದಳು ಅಕ್ಷರಾ.

ಮೊಮ್ಮಗಳ ಇಂಗ್ಲಿಷು ನಿಂಗವ್ವನಿಗೆ ತಿಳಿಯದು, ತಿಳಿದಿದ್ದರೂ ನಿಲ್ಲುತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಗಲಲ್ಲಿ ಬಿಳಿ ಬಟ್ಟೆಯ ಗಂಟು ಹಿಡಿದು, ಟ್ಯಾಂಕರ್ ಚಾಲಕರ ಮೇಜುಗಳ ನಡುವೆ ಹಾದು ನೇರವಾಗಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

"ತಂಗೀ, ಕನ್ನಡ ಬರತೈತೇನವಾ?"

ನಫೀಸಮ್ಮ ಚಾಕು ಕೆಳಗಿಟ್ಟರು. "ಬರ್ತದೆ ಅಮ್ಮ. ಬನ್ನಿ, ಬನ್ನಿ."

"ಮೊದಲ ಹೇಳಿಬಿಡತೀನಿ. ನೀವು ತಿನ್ನೂದು ನಾ ತಿನ್ನಂಗಿಲ್ಲ. ನನ್ನ ರೊಟ್ಟಿ ನನ್ನ ಹಂತ್ಯಾಕ ಐತಿ. ಕುಂತು ಉಣ್ಣಾಕ ಒಂದೀಟ ಜಾಗಾ ಕೊಡತಿ?"

ಹೋಟೆಲಿಗೆ ಬಂದವರು ಹೀಗೆ ಕೇಳಿದರೆ ಬೇರೆ ಯಾರಾದರೂ ಬಾಗಿಲು ತೋರಿಸುತ್ತಿದ್ದರು. ನಫೀಸಮ್ಮ ಹಸಿರು ಪರದೆ ಸರಿಸಿದರು. ನಿಂಗವ್ವ ಒಳಗೆ ಹೋಗಿ ಸುತ್ತ ನೋಡಿ, ಬೆಂಚನ್ನು ಬಿಟ್ಟು ಚಾಪೆಯ ಮೇಲೆ ಕೂತು, ಗಂಟು ಬಿಚ್ಚಿದರು. ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಪುಡಿ. "ಒಂದು ಉಳ್ಳಾಗಡ್ಡಿ ಇದ್ರ ಕೊಡವಾ, ಮಸರು ಇದ್ರ ಛಲೋ ಆತು" ಎಂದರು.

ನಫೀಸಮ್ಮ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಲು ಹೊರಟರು.

"ಏ, ಚಾಕು ಹಚ್ಚಬ್ಯಾಡ! ರುಚಿ ಕೆಡತೈತಿ. ಇಲ್ಲೆ ತಾ." ನಿಂಗವ್ವ ಈರುಳ್ಳಿಯನ್ನು ಬೆಂಚಿನ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಗುದ್ದಿದರು.

ಸದ್ದಿಗೆ ಹೊರಗಿದ್ದ ಅಲಿಕುಂಞಿಯವರು ಏನೋ ಮುರಿಯಿತೆಂದು ಓಡಿ ಬಂದು ಪರದೆಯ ಆಚೆ ನಿಂತರು. "ಎಂತ ಬಿತ್ತು?"

"ಎಂತದೂ ಇಲ್ಲ, ನೀರುಳ್ಳಿ" ಎಂದರು ನಫೀಸಮ್ಮ. ಒಳಗೆ ಇಬ್ಬರೂ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮಗ, ಸೊಸೆ, ಮೊಮ್ಮಗಳು ದಿಬ್ಬ ಹತ್ತಲು ಹೋದರು. ನಿಂಗವ್ವ ಬರುವುದಿಲ್ಲವೆಂದರು. "ಮಳಲಾಗ ಗಾಡಿ ಹೊಡ್ಯಾಕ ಅಬುಧಾಬಿಯಿಂದ ಬರಬೇಕಾ? ನಮ್ಮ ಹಳ್ಳದಾಗ ಚಕ್ಕಡಿ ಹೊಡದ್ರ ಸಾಕಾಗಿತ್ತು" ಎಂದು ಹೇಳಿ ಚಾಪೆಯ ಮೇಲೆಯೇ ಕಾಲು ಚಾಚಿದರು. ಸಂಜೆಯವರೆಗೆ ಇಬ್ಬರ ಮಾತೂ ಮುಗಿಯಲಿಲ್ಲ. ನಫೀಸಮ್ಮ ಪುಂಡಿ ಮಾಡುವ ಬಗೆ ಹೇಳಿದರು. ಮಾಂಸದ ಸಾರು ಬಿಟ್ಟು ತೆಂಗಿನಕಾಯಿ ಚಟ್ನಿಯಲ್ಲಿ ತಿನ್ನಬಹುದು ಎಂದರು. ನಿಂಗವ್ವ ಜೋಳದ ಹಿಟ್ಟು ನಾದುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಅಕ್ಷರಾ ದಿಬ್ಬದಿಂದ ಬಂದಾಗ ಮುಖ ಬಿಳಿಚಿತ್ತು. ಹೊಟ್ಟೆಯಲ್ಲಿದ್ದುದೆಲ್ಲ ಮರಳಿನ ಪಾಲಾಗಿತ್ತು. ಅವಳನ್ನು ಚಾಪೆಯ ಮೇಲೆ ಮಲಗಿಸಿ ನಫೀಸಮ್ಮ ಲಿಂಬೆ ಹಿಂಡಿದ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಸಿದರು. ಮಾಧುರಿ ಗೋಡೆಗೆ ಒರಗಿ ಕೂತು, "ಹೆಣ್ಣುಮಕ್ಕಳಿಗೆ ಇಂಥ ಒಂದು ಜಾಗಾ ಐತಿ ಅಂತ ಯಾರೂ ಹೇಳಲೇ ಇಲ್ಲಲ್ರೀ" ಎಂದಳು.

ಹೊರಡುವಾಗ ನಿಂಗವ್ವ ಈರುಳ್ಳಿಯ ದುಡ್ಡು ಕೊಡಲು ಬಂದರು, ನಫೀಸಮ್ಮ ಮುಟ್ಟಲಿಲ್ಲ. ದುಡ್ಡಿನ ಬದಲು ರೊಟ್ಟಿಯ ಒಂದು ಅಟ್ಟಿಯನ್ನೇ ಇಟ್ಟು ಹೋದರು. ಅಂದು ಊಟಕ್ಕೆ ಅಲಿಕುಂಞಿಯವರ ತಟ್ಟೆಗೆ ಅದೇ ಬಂತು.

"ಇದು ರೊಟ್ಟಿಯಾ, ಮಂಗಳೂರು ಹಂಚಾ?"

"ಸಾರಲ್ಲಿ ಅದ್ದಿ ತಿನ್ನಿ. ಅವರು ಬಂದು ಕೂತದ್ದು ನೋಡಿದಿರಲ್ಲ?"

"ನೋಡಿದೆ. ಅವರು ನಮ್ಮದು ಎಂತ ತಿಂದರು? ಒಂದು ನೀರುಳ್ಳಿ! ಹೋಟ್ಲಲ್ಲಿ ಕೂತು ಸ್ವಂತ ಬುತ್ತಿ ತಿಂದರೆ ಅದು ಊಟದ ಲೆಕ್ಕವಾ? ನಾಳೆ ಕ್ಷೌರದ ಅಂಗಡಿಗೆ ಸ್ವಂತ ಕತ್ತರಿ ತಕೊಂಡು ಬರ್ತಾರೆ."

"ನಮ್ಮ ಮಾತು ಎಂತ ಇದ್ದದ್ದು? ಹೆಂಗಸರು ಕೂತು ಉಣ್ಣಬೇಕು ಅಂತ. ಯಾರ ಅಡುಗೆ ಅಂತ ಹೇಳಿದ್ದುಂಟಾ?"

ಅಲಿಕುಂಞಿಯವರು ಎರಡನೆಯ ರೊಟ್ಟಿ ಮುರಿದರು. ಮೂರನೆಯದನ್ನು ಅವರೇ ಕೇಳಿ ಹಾಕಿಸಿಕೊಂಡರು.

ನಫೀಸಮ್ಮ ಮಾತ್ರ ಆ ಮಧ್ಯಾಹ್ನದ ಗಂಟನ್ನೇ ಯೋಚಿಸುತ್ತಿದ್ದರು. ಮುಂದಿನ ಶುಕ್ರವಾರ ಕಿಟಕಿಯಿಂದ ಕಾರುಗಳೊಳಗೆ ಕಣ್ಣು ಹಾಯಿಸಿದರು. ಇಷ್ಟು ದಿನ ಕಂಡೂ ಕಾಣದಿದ್ದುದು ಆಗ ಕಂಡಿತು. ಹೆಚ್ಚಿನ ಸಂಸಾರಗಳ ಮಡಿಲಲ್ಲೂ ಒಂದೊಂದು ಡಬ್ಬಿ. ನಮ್ಮ ಜನ ದಾರಿಯ ಊಟ ನಂಬುವವರಲ್ಲ. ಚಿತ್ರಾನ್ನವೋ, ಚಪಾತಿಯೋ, ಮೀನು ಹುರಿದದ್ದೋ ಕಟ್ಟಿಕೊಂಡೇ ಹೊರಡುತ್ತಾರೆ. ಹಾರ್ನ್ ಹೊಡೆಯುತ್ತಿದ್ದುದು ಅದರ ಮೇಲೊಂದು ಚಹಾಕ್ಕಾಗಿ. ಡಬ್ಬಿ ಬಿಚ್ಚಲು ಜಾಗವಿಲ್ಲದ್ದಕ್ಕೆ ಕಾರಿನಲ್ಲಿ ಉಣ್ಣುತ್ತಿದ್ದರು. ಹೋಟೆಲಿಗೆ ಡಬ್ಬಿ ತರುವುದು ನಾಚಿಕೆಯೆಂದು ಇಳಿಯುತ್ತಿರಲಿಲ್ಲ.

ನಫೀಸಮ್ಮ ಕೈ ತೊಳೆದು, ತಲೆಯ ಬಟ್ಟೆ ಸರಿಮಾಡಿಕೊಂಡು, ಅಡುಗೆಮನೆಯಿಂದ ಹೊರಗೆ ಬಂದರು. ಎರಡು ವರ್ಷಗಳಲ್ಲಿ ಅಂಗಡಿಯ ಮುಂಭಾಗಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಚಾಲಕರು ತುತ್ತು ಕೈಯಲ್ಲಿ ಹಿಡಿದು ನೋಡಿದರು. ಅಲಿಕುಂಞಿಯವರು, "ಏ, ಎಲ್ಲಿಗೆ?" ಎನ್ನುವಷ್ಟರಲ್ಲಿ ನಫೀಸಮ್ಮ ಮೊದಲ ಕಾರಿನ ಕಿಟಕಿ ತಟ್ಟಿಯಾಗಿತ್ತು.

"ಬುತ್ತಿ ಉಂಟಾ ಮಗಾ? ಅದನ್ನೇ ತಕೊಂಡು ಒಳಗೆ ಬನ್ನಿ. ಕೈ ತೊಳೀಲಿಕ್ಕೆ ನೀರುಂಟು, ಮಗುವಿಗೆ ಜೋಲಿ ಉಂಟು. ನಮ್ಮದು ಎಂತದೂ ತಕೊಳ್ಬೇಕಂತ ಇಲ್ಲ."

ಕನ್ನಡ ಬಾರದವರಿಗೆ ಅವರು ಕೈಯಿಂದ ಡಬ್ಬಿ ತೋರಿಸಿ, ಬಾಯಿಗೆ ತುತ್ತಿಟ್ಟಂತೆ ಮಾಡಿ, ಜೋಲಿ ತೂಗಿದಂತೆ ಅಭಿನಯಿಸಿ, ಕೊನೆಗೆ "ಯಲ್ಲಾ, ಯಲ್ಲಾ" ಎಂದರೆ ಮುಗಿಯಿತು. ಆ ದಿನ ಇಬ್ಬರು ಇಳಿದರು. ಅವರಲ್ಲೊಬ್ಬಳು ಬಾಣಂತಿ, ಮಗುವನ್ನು ಜೋಲಿಗೆ ಹಾಕಿದ ಮೇಲೆ ಎರಡು ಕೈಯಲ್ಲೂ ಉಂಡಳು. ಅವಳನ್ನು ಕಂಡು ಪಕ್ಕದ ಕಾರಿನ ಮೂವರು ಇಳಿದರು. ಅದರ ಮುಂದಿನ ವಾರ ಮಾಧುರಿ ಹೇಳಿ ಕಳಿಸಿದ ಅಬುಧಾಬಿಯ ಕನ್ನಡದ ಸಂಸಾರಗಳು ಬಂದವು. ಲೀಲಮ್ಮ ಮರಗೆಣಸು, ಮೀನು ಸಾರಿನ ಪಾತ್ರೆ ಹಿಡಿದು ಬಂದವಳು ಟೈರಿನ ಅಟ್ಟಿಯ ಕಡೆ ತಿರುಗಿಯೂ ನೋಡದೆ ಪರದೆಯೊಳಗೆ ಹೋದಳು. ಡಬ್ಬಿಗಳು ಒಂದರಿಂದ ಒಂದಕ್ಕೆ ಹರಿದಾಡಿದವು. ತಣ್ಣಗಾದ ಚಪಾತಿ ತಿನ್ನಲಾರದ ಗಂಡಸರು ಹೊರಗಿನ ಮೇಜುಗಳಿಗೆ ಬಂದು ಬಿಸಿ ಪರೋಟ ಕೇಳಿದರು. ಪರೋಟ ಬೇಯಿಸುವ ಕಲ್ಲು ಆರಲು ಬಿಡುವೇ ಸಿಗಲಿಲ್ಲ.

ನೋಂಬಿನ ಮೊದಲಿನ ಕೊನೆಯ ಶುಕ್ರವಾರ ಬಂತು. ಮಧ್ಯಾಹ್ನದ ನಮಾಝ್ ಮುಗಿಯುತ್ತಲೇ ಅಲೆಕ್ಸಾಂಡರ್ ಒಂದು ದೊಡ್ಡ ಟೈರನ್ನು ಉರುಳಿಸಿಕೊಂಡು ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದ.

"ಖಲಾಸ್ ಅಲಿಕ್ಕಾ. ಇವತ್ತಿಗೆ ವಾಯಿದೆ ಮುಗೀತು."

"ಒಳಗೆ ಜನ ಉಂಟಲ್ಲ" ಎಂದರು ಅಲಿಕುಂಞಿ.

"ಜನ ಉಂಟು, ನಿಮ್ಮ ಊಟ ಇಲ್ಲ. ಬುತ್ತಿ ತಿನ್ನುವವರು ಲೆಕ್ಕಕ್ಕಿಲ್ಲ ಅಂತ ನೀವೇ ನನ್ನ ಹತ್ತಿರ ಹೇಳಿದ್ದು."

ಹೇಳಿದ್ದು ನಿಜ. ಅಲಿಕುಂಞಿಯವರು ತಲೆ ಕೆರೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಫೀಸಮ್ಮ ಸೌಟು ಹಿಡಿದು ನಿಂತಿದ್ದರು. ಒಪ್ಪಂದ ಮಾಡಿದವರು ಅವರು. ತೀರ್ಪು ಹೇಳಬೇಕಾದವರು ಗಂಡ. ಬೇಡಿಕೊಳ್ಳುವ ಸ್ವಭಾವ ನಫೀಸಮ್ಮನದಲ್ಲ.

ಪರದೆಯ ಒಳಗಿನಿಂದ ಧ್ವನಿಯೊಂದು ಬಂತು. "ಅಚ್ಚಾಯಾ, ಯಾವ ಟೈರ್ ಅದು?"

ಅಲೆಕ್ಸಾಂಡರ್ ಬೆಚ್ಚಿದ. "ಲೀಲಾ, ನೀನು ಒಳಗಿದ್ದೀಯಾ?"

"ಇದ್ದೇನೆ. ಕಾಲು ಚಾಚಿ ಕೂತಿದ್ದೇನೆ. ವಾರ ಪೂರ್ತಿ ನಿಂತು ಕೆಲಸ ಮಾಡಿದ ಕಾಲು ಇದು. ಆ ಟೈರ್ ಒಳಗೆ ಬಂದರೆ ನಾನು ಹೊರಗೆ ಬರ್ತೇನೆ. ನಾನು ಹೊರಗೆ ಬಂದರೆ ಮೀನ್ ಸಾರು ನನ್ನ ಜೊತೆ ದುಬೈಗೆ ವಾಪಸ್ ಹೋಗ್ತದೆ. ನೀವು ಟೈರಿನ ಮೇಲೆ ಕೂತು ಪೆಟ್ರೋಲ್ ಬಂಕಿನ ಬಿಸ್ಕತ್ತು ತಿನ್ನಿ."

ಒಳಗೆ ನಗೆ ಸಿಡಿಯಿತು. ಹೊರಗೆ ಟ್ಯಾಂಕರಿನವರೂ ನಕ್ಕರು. ಅಲೆಕ್ಸಾಂಡರ್ ಟೈರನ್ನು ಹಿಡಿದುಕೊಂಡು ಅಲಿಕುಂಞಿಯವರನ್ನೇ ನೋಡಿದ. ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್ ಆಯಿತು. ಅಲಿಕುಂಞಿಯವರ ಕಾಲು ಎದ್ದಿತು. ಈ ಸಲ ಅವರು ಅದನ್ನು ತಡೆಯಲಿಲ್ಲ. ಕಾರಿನ ಬಳಿಗೆ ಹೋಗಿ ಬಗ್ಗಿ ನೋಡಿದರು. ಹಿಂದಿನ ಸೀಟಿನಲ್ಲಿ ಹೆಂಗಸೊಬ್ಬಳು ಮಡಿಲಲ್ಲಿ ಡಬ್ಬಿ ಹಿಡಿದು ಕೂತಿದ್ದಳು. ಅವರು ಚಹಾ ಎಷ್ಟು ಎಂದು ಕೇಳಲಿಲ್ಲ. ಹಿಂದಿನ ಬಾಗಿಲನ್ನು ತೆರೆದು ಹಿಡಿದು, ಹಿಂದಿಯಲ್ಲಿ ಹೇಳಿದರು: "ಬೆಹನ್‌ಜೀ, ಅಂದರ್ ಬೈಠಿಯೇ. ಫ್ಯಾಮಿಲಿ ರೂಮ್ ಹೈ."

ಆಕೆಯನ್ನು ಪರದೆಯವರೆಗೆ ಕರೆತಂದು ಬಿಟ್ಟು, ಅಲೆಕ್ಸಾಂಡರನ ಕೈಯಿಂದ ಟೈರು ತೆಗೆದುಕೊಂಡು ತಾವೇ ಗಾಳಿ ಅಂಗಡಿಯ ಕಡೆಗೆ ಉರುಳಿಸಿದರು. ಬಿಸಿಲಿಗೆ ಒಂದು ತಗಡಿನ ಮಾಡು ಹಾಕಿಸಿಕೊಡುತ್ತೇನೆಂದು ದಾರಿಯಲ್ಲೇ ಒಪ್ಪಿಸಿದರು. ಹಿಂದಿರುಗಿ ಬಂದು ಹೆಂಡತಿಯ ಮುಂದೆ ನಿಂತರು.

"ಕೋಣೆ ನಿನ್ನದು. ಆದರೆ ಹಾರ್ನ್ ನನ್ನದು. ಗಂಡಸರೇ ಇರುವ ಕಾರಿಗೆ ನಾನು ಹೋಗುವವನೇ."

"ಹೋಗಿ. ಗಂಡಸರು ಕಾರಲ್ಲೇ ತಿನ್ನಲಿ. ಅವರಿಗೂ ಸ್ವಲ್ಪ ಅಭ್ಯಾಸ ಆಗಲಿ."

"ನೀನು ಉಂಡಿಯಾ?"

ನಫೀಸಮ್ಮ ಉಂಡಿರಲಿಲ್ಲ. ಶುಕ್ರವಾರದ ಮಧ್ಯಾಹ್ನ ಅವರು ಒಲೆಯ ಬಳಿ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುವುದು ರೂಢಿ. ಅಲಿಕುಂಞಿಯವರು ಸೌಟನ್ನು ತೆಗೆದುಕೊಂಡರು. ಪರೋಟದ ಕಲ್ಲಿನ ಮುಂದೆ ನಿಂತರು. ನಫೀಸಮ್ಮ ತಟ್ಟೆಯಲ್ಲಿ ಪುಂಡಿ, ಸಾರು ಬಡಿಸಿಕೊಂಡು ಪರದೆ ಸರಿಸಿ ಒಳಗೆ ಹೋದರು. ಹೆಂಗಸರು ಸರಿದು ಜಾಗ ಬಿಟ್ಟರು. ನಫೀಸಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತು, ಅವಸರವಿಲ್ಲದೆ, ಸಾರು ಮುಗಿದ ಮೇಲೆ ಮತ್ತೊಮ್ಮೆ ತರಿಸಿಕೊಂಡು ಉಂಡರು. ಹೊರಗೆ ಎರಡು ಪರೋಟ ಕರಕಲಾದ ವಾಸನೆ ಬಂತು. ಅವರು ಏಳಲಿಲ್ಲ.

ಆ ಮೇಲಿನ ಹನ್ನೊಂದು ವರ್ಷ ಕೋಣೆ ಹಾಗೆಯೇ ನಡೆಯಿತು. ರಸ್ತೆ ಅಗಲವಾಯಿತು, ದಿಬ್ಬಗಳ ಬಳಿ ಬಾಡಿಗೆ ಬೈಕುಗಳು ಬಂದವು, ಕ್ಯಾಂಪುಗಳಲ್ಲಿ ಬುಫೆ ಬಂತು. ಹಾಗಿದ್ದೂ ಹೊಸದಾಗಿ ದುಬೈಗೆ ಬಂದ ಸೊಸೆಯಂದಿರಿಗೆ ಹಳೆಯ ಅತ್ತೆಯಂದಿರು ಹೇಳುತ್ತಿದ್ದುದು ಇಷ್ಟೇ: ಲಹಬಾಬಿಗೆ ಹೋದರೆ ಬುತ್ತಿ ಕಟ್ಟಿಕೊಂಡು ಹೋಗಿ, ನಫೀಸಮ್ಮನಲ್ಲಿ ಉಣ್ಣಿ.

ನಫೀಸಮ್ಮ ಬಿಟ್ಟುಹೋದದ್ದು: ಪರೋಟ ಈಗಲೂ ಕರಕಲು ಮಾಡುವ ಗಂಡ ಅಲಿಕುಂಞಿ, ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸದಲ್ಲಿರುವ ಮಗ ರಮೀಝ್, ಅಡ್ಡೂರಿನಲ್ಲಿ ಮಗಳು ಜಸೀನಾ, ಅವಳ ಮೂವರು ಮಕ್ಕಳು, ಹದಿನೆಂಟು ಮಂದಿ ಕೂರಬಹುದಾದ, ಇಪ್ಪತ್ತೈದು ಮಂದಿ ಕೂರುವ ಒಂದು ಕೋಣೆ, ತಳ ಸವೆದ ಎರಡು ಅಲ್ಯುಮಿನಿಯಂ ಇಡ್ಲಿ ಪಾತ್ರೆ, ಯಾರೋ ಮರೆತು ಹೋದ, ವಾರಸುದಾರರು ಬಂದರೆ ಕೊಡಬೇಕೆಂದು ತೊಳೆದಿಟ್ಟ ಸ್ಟೀಲ್ ಡಬ್ಬಿಗಳ ಒಂದು ಕಪಾಟು, ಒಣಮೀನಿನ ವಿಷಯದಲ್ಲಿ ಲೀಲಮ್ಮನೊಂದಿಗೆ ಇನ್ನೂ ತೀರ್ಮಾನವಾಗದ ಒಂದು ಜಗಳ, ಮತ್ತು ತಂತಿಯ ಮೇಲೆ ಒಣಗಲು ಹಾಕಿದ್ದ ಒಂದು ಒದ್ದೆ ಅಡುಗೆಬಟ್ಟೆ, ಅದನ್ನು ಜಸೀನಾ ಬಂದು ಮಡಿಸಿಟ್ಟಳು.